ಥರ್ಮೋಸ್ಟ್ಯಾಟನ್ನು ಬಳಸುವ ಬಗೆ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿ ಮನೆಯನ್ನು ಬೆಚ್ಚಗಿಡುವ ಯಂತ್ರ ಯಾರಿಗೂ ಬೇಕಾಗಿಲ್ಲ. ಧನುರ್ಮಾಸದ ಬೆಳಗಿನಲ್ಲಿ ಒಂದು ಶಾಲು ಹೊದ್ದರೆ ನಮ್ಮ ಚಳಿ ಮುಗಿಯಿತು. ಆದರೆ ಈ ಊರುಗಳ ತಾಯಿತಂದೆಯರು ಮಗಳ ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಜರ್ಮನಿ, ಸ್ವೀಡನ್ನಿನಂಥ ಚಳಿನಾಡುಗಳಿಗೆ ಹೋಗಿ ತಿಂಗಳುಗಟ್ಟಲೆ ನಿಂತು ಬರುವುದುಂಟು. ಅಲ್ಲಿನ ಕೆಲವು ಮನೆಗಳಲ್ಲಿ ಬೆಂಕಿಯೇ ಕಾಣದು; ನೆಲದೊಳಗಿನ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿರುತ್ತದೆ. ಗೋಡೆಯ ಮೇಲೆ ಅಂಗೈಯಗಲದ ಒಂದು ಪೆಟ್ಟಿಗೆ, ಅದರಲ್ಲಿ 20 ಎಂಬ ಅಂಕಿ. ಮಗಳು ಕೆಲಸಕ್ಕೆ ಹೋದ ಮೇಲೆ ಚಳಿ ತಡೆಯದೆ ತಾಯಿ ಆ ಅಂಕಿಯನ್ನು 28ಕ್ಕೆ ಏರಿಸುತ್ತಾರೆ. ಗಂಟೆ ಕಳೆದರೂ ಮನೆ ಬೆಚ್ಚಗಾಗದು. ಮಗಳು ಮರಳುವ ಹೊತ್ತಿಗೆ ಸೆಕೆಯೋ ಸೆಕೆ. ಅಂಕಿಯನ್ನು ಇಳಿಸಿ ಕಿಟಕಿ ತೆರೆಯುತ್ತಾಳೆ. ಮರುದಿನ ಬೆಳಿಗ್ಗೆ ಮತ್ತೆ ಚಳಿ. ತಿಂಗಳ ಕೊನೆಗೆ ದೊಡ್ಡ ಬಿಲ್ಲು. ಇದರಲ್ಲಿ ತಾಯಿಯ ತಪ್ಪೂ ಇಲ್ಲ, ಮಗಳ ತಪ್ಪೂ ಇಲ್ಲ. ಆ ಪೆಟ್ಟಿಗೆಯ ಸ್ವಭಾವವನ್ನು ಇಬ್ಬರಿಗೂ ಯಾರೂ ತಿಳಿಸಿಲ್ಲ, ಅಷ್ಟೆ.

ಅದರ ಹೆಸರು ಥರ್ಮೋಸ್ಟ್ಯಾಟ್. ಅಮೆರಿಕದ ವಾರನ್ ಜಾನ್ಸನ್ ಎಂಬ ಅಧ್ಯಾಪಕರು 1883ರಲ್ಲಿ ಕೋಣೆಯ ವಿದ್ಯುತ್ ಥರ್ಮೋಸ್ಟ್ಯಾಟಿಗೆ ಪೇಟೆಂಟು ಪಡೆದರು. ಕೋಣೆಯ ಉಷ್ಣತೆಯನ್ನು ಅಳೆಯುತ್ತಿದ್ದು, ನಾವು ಗೊತ್ತುಮಾಡಿದ ಅಂಕಿ ಮುಟ್ಟಿದೊಡನೆ ಯಂತ್ರಕ್ಕೆ ‘ಸಾಕು’ ಎನ್ನುವುದು, ಅದಕ್ಕಿಂತ ಇಳಿದೊಡನೆ ‘ಹೊರಡು’ ಎನ್ನುವುದು ಅದರ ಕೆಲಸ. ಅದು ನಲ್ಲಿಯಲ್ಲ, ಗಡಿಕಲ್ಲು. ನಲ್ಲಿಯನ್ನು ಹೆಚ್ಚು ತಿರುಗಿಸಿದರೆ ನೀರು ಹೆಚ್ಚು ಬಂದೀತು. ಗಡಿಕಲ್ಲನ್ನು ದೂರಕ್ಕೆ ಸರಿಸಿದರೆ ದಾರಿ ಬೇಗ ಸಾಗುವುದೆ? ಅಂಕಿಯನ್ನು 28ಕ್ಕೆ ಇಟ್ಟರೆ ಮನೆ ಬೇಗ ಕಾಯುವುದಿಲ್ಲ. ನಿಲ್ಲಬೇಕಾದಲ್ಲಿ ಯಂತ್ರ ನಿಲ್ಲುವುದಿಲ್ಲ.

ಇನ್ನು ನೀರನ್ನು ಬಿಸಿಮಾಡುವ ಯಂತ್ರ. ಇದಕ್ಕೆ ಹೀಟ್ ಪಂಪ್, ಎಂದರೆ ಶಾಖದ ಪಂಪು ಎಂದು ಹೆಸರು. ನಿಮ್ಮ ಬಾವಿಯ ಪಂಪು ನೀರನ್ನು ಹುಟ್ಟಿಸುವುದಿಲ್ಲ, ಕೆಳಗಿದ್ದುದನ್ನು ಮೇಲಿನ ಟ್ಯಾಂಕಿಗೆ ಏರಿಸುತ್ತದೆ. ಹಾಗೆಯೇ ಇದು ಹೊರಗಿನ ತಣ್ಣನೆಯ ಗಾಳಿಯಲ್ಲಿಯೋ ಮಣ್ಣಿನಲ್ಲಿಯೋ ಇರುವ ಅಲ್ಪ ಶಾಖವನ್ನು ಎತ್ತಿ ಮನೆಯೊಳಕ್ಕೆ ತರುತ್ತದೆ. ನಮ್ಮ ರೆಫ್ರಿಜರೇಟರು ಮಾಡುವುದೂ ಇದನ್ನೇ: ಒಳಗಿನ ಶಾಖವನ್ನು ಎತ್ತಿ ಹೊರಗೆ ಹಾಕುವುದರಿಂದಲೇ ಅದರ ಹೊರಮೈ ಬೆಚ್ಚಗಿರುತ್ತದೆ. ಆಸ್ಟ್ರಿಯದ ಪೀಟರ್ ಫಾನ್ ರಿಟಿಂಗರ್ 1856ರ ಸುಮಾರಿಗೆ ಉಪ್ಪುನೀರನ್ನು ಇಂಗಿಸಲು ಇಂಥ ಯಂತ್ರವನ್ನು ಕಟ್ಟಿದರು. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದ ಪುರಭವನವನ್ನು 1938ರಲ್ಲಿ ಲಿಮ್ಮಾಟ್ ನದಿಯ ನೀರಿನ ಶಾಖದಿಂದಲೇ ಬೆಚ್ಚಗೆ ಮಾಡಿದರು.

ಟ್ಯಾಂಕು ಎತ್ತರದಲ್ಲಿದ್ದಷ್ಟೂ ಪಂಪಿಗೆ ವಿದ್ಯುತ್ತು ಹೆಚ್ಚು ಬೇಕು. ಶಾಖದ ಪಂಪಿನ ಲೆಕ್ಕವೂ ಇದೇ. ನೀರು 35 ಡಿಗ್ರಿ ಕಾದರೆ ಸಾಕೆಂದರೆ, ಒಂದು ಯೂನಿಟ್ಟು ವಿದ್ಯುತ್ತಿಗೆ ಸುಮಾರು ನಾಲ್ಕು ಯೂನಿಟ್ಟು ಶಾಖ ದೊರೆಯುತ್ತದೆ. 55 ಡಿಗ್ರಿ ಬೇಕೆಂದರೆ ಈ ಲಾಭ ಬಹಳ ಇಳಿಯುತ್ತದೆ. ನೆಲದ ಹರವು ದೊಡ್ಡದು. ಅದಕ್ಕೆ ಉಗುರುಬೆಚ್ಚಗಿನ ನೀರೇ ಸಾಕು. ಆದ್ದರಿಂದ ಶಾಖದ ಪಂಪಿಗೂ ನೆಲದ ಕೊಳವೆಗೂ ಚೆನ್ನಾಗಿ ಹೊಂದುತ್ತದೆ.

ಆದರೆ ಕಾಂಕ್ರೀಟಿನ ನೆಲ ಬಚ್ಚಲಮನೆಯ ಹಂಡೆಯ ಹಾಗೆ. ತೆಂಗಿನ ಸಿಪ್ಪೆ ಹಾಕಿ ಉರಿ ಮಾಡಿದೊಡನೆ ಹಂಡೆಯ ನೀರು ಕಾಯದು; ಕಾದ ಮೇಲೆ ಉರಿ ಆರಿದರೂ ಬಹಳ ಹೊತ್ತು ತಣಿಯದು. ನೆಲಕ್ಕೂ ಕಾಯಲು ಕೆಲವು ಗಂಟೆಗಳೇ ಬೇಕು. ತಾಯಿ ಬೆಳಿಗ್ಗೆ ಏರಿಸಿದ ಅಂಕಿಯ ಫಲ ಸಂಜೆ ಕಾಣಿಸಿದ್ದು ಇದಕ್ಕೇ. ಅಲ್ಲದೆ, ಒಮ್ಮೆಗೇ ಹೆಚ್ಚು ಶಾಖ ಬೇಕೆಂದಾಗ ಕೆಲವು ಯಂತ್ರಗಳು ಒಳಗಿನ ವಿದ್ಯುತ್ ಸುರುಳಿಯನ್ನೇ ಕಾಯಿಸುತ್ತವೆ. ಆಗ ಒಂದು ಯೂನಿಟ್ಟಿಗೆ ಒಂದೇ ಯೂನಿಟ್ಟು ಶಾಖ. ಪಂಪಿನ ಲಾಭವೆಲ್ಲ ಹೋಯಿತು.

ಈಗಿನ ಸ್ಮಾರ್ಟ್ ಥರ್ಮೋಸ್ಟ್ಯಾಟುಗಳು ಮನೆಯವರು ಹೋಗುವ ಬರುವ ಹೊತ್ತನ್ನು ಗಮನಿಸಿ ತಾವೇ ಅಂಕಿಯನ್ನು ಇಳಿಸಿ ಏರಿಸುತ್ತವೆ. ಬೇಗ ಕಾಯುವ ಗ್ಯಾಸಿನ ಒಲೆಯ ಮನೆಗೆ ಇದು ಒಳ್ಳೆಯದು. ಹಂಡೆಯಂಥ ನೆಲಕ್ಕೆ ಈ ಏರಿಳಿತ ಒಗ್ಗದು. ಅಲ್ಲಿ ಹೊರಗಿನ ಚಳಿಯನ್ನು ನೋಡಿ ನೀರಿನ ಬಿಸಿಯನ್ನು ಹೊಂದಿಸುವ ಏರ್ಪಾಡು ಮುಖ್ಯ. ಗೋಡೆಯ ಪೆಟ್ಟಿಗೆ ಮೇಲ್ಮಿತಿಯನ್ನು ಕಾಯ್ದರೆ ಸಾಕು. ರಾತ್ರಿ ಒಂದು ಡಿಗ್ರಿ ಇಳಿಸಬಹುದು, ಹೆಚ್ಚು ಬೇಡ. ಹಿತವಾದ ಅಂಕಿಯೊಂದನ್ನು ಗೊತ್ತುಮಾಡಿ, ಒಂದು ದಿನ ಪೂರ್ತಿ ಕಾದು ನೋಡಿ, ಬೇಕಾದರೆ ಅರ್ಧ ಡಿಗ್ರಿ ಬದಲಿಸುವುದೇ ಸರಿಯಾದ ಕ್ರಮ. ನೆಲದ ಮೇಲೆ ದಪ್ಪ ಹಾಸಿಗೆ, ಜಮಖಾನ ಹರಡಬೇಡಿ. ಶಾಖ ಅಡಿಯಲ್ಲೇ ಉಳಿಯುತ್ತದೆ.

ಉಳಿತಾಯಕ್ಕೆಂದು ನಡುಗುತ್ತ ಕೂರಬೇಕೆಂದು ಅರ್ಥವಲ್ಲ. ಚಳಿಗಾಲದಲ್ಲಿ ಮನೆಯೊಳಗೆ 18 ಡಿಗ್ರಿಗಿಂತ ಕಡಿಮೆಯಾಗಬಾರದೆಂದು, ವೃದ್ಧರಿಗೂ ಮಕ್ಕಳಿಗೂ ಅದಕ್ಕಿಂತ ಹೆಚ್ಚೇ ಬೇಕಾದೀತೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ಕರಾವಳಿಯ ಸೆಕೆಯಲ್ಲಿ ಬಾಳಿದ ದೇಹಕ್ಕೆ 22 ಬೇಕೆನಿಸಿದರೆ ಸಂಕೋಚವಿಲ್ಲದೆ ಮಕ್ಕಳಿಗೆ ಹೇಳಿರಿ. ಒಮ್ಮೆ 22ಕ್ಕೆ ಇಟ್ಟು ಬಿಡುವುದು, ದಿನಕ್ಕೆರಡು ಬಾರಿ 28ಕ್ಕೂ 18ಕ್ಕೂ ಎಳೆದಾಡುವುದಕ್ಕಿಂತ ಮೇಲು.

ನೆಲದಲ್ಲಿ ತಣ್ಣೀರು ಹರಿಸಿ ನಮ್ಮ ಮನೆಗಳನ್ನು ತಂಪು ಮಾಡಬಾರದೆ ಎಂದು ನೀವು ಕೇಳಬಹುದು. ಬೆಂಗಳೂರಿನ ಇನ್ಫೋಸಿಸ್ ಕಂಪನಿ ಹೈದರಾಬಾದಿನಲ್ಲಿ 2011ರಲ್ಲಿ ಕಟ್ಟಿಸಿದ ಒಂದು ಕಟ್ಟಡದ ಅರ್ಧ ಭಾಗಕ್ಕೆ ಸಾಧಾರಣ ಹವಾನಿಯಂತ್ರಣವನ್ನೂ, ಉಳಿದರ್ಧಕ್ಕೆ ಕಾಂಕ್ರೀಟಿನೊಳಗಿನ ತಣ್ಣೀರ ಕೊಳವೆಗಳನ್ನೂ ಇಟ್ಟು ಹೋಲಿಸಿ ನೋಡಿತು. ಕೊಳವೆಯ ಭಾಗಕ್ಕೆ ಸುಮಾರು ಮೂರನೆಯ ಒಂದಂಶ ಕಡಿಮೆ ವಿದ್ಯುತ್ತು ಸಾಕಾಯಿತು. ಆದರೆ ಮಳೆಗಾಲದಲ್ಲಿ ನಮ್ಮ ಗಾರೆನೆಲ ಬೆವರುವುದನ್ನು ನೀವು ಕಂಡಿದ್ದೀರಿ. 30 ಡಿಗ್ರಿಯ ಗಾಳಿಯಲ್ಲಿ ತೇವ ನೂರಕ್ಕೆ 80ರಷ್ಟಿದ್ದರೆ, ಸುಮಾರು 26 ಡಿಗ್ರಿಗಿಂತ ತಣ್ಣಗಿರುವ ಯಾವ ನೆಲದ ಮೇಲೂ ನೀರು ಕೂರುತ್ತದೆ. ಕಡಲ ಬದಿಯ ನಮಗೆ ಮೊದಲು ಗಾಳಿಯ ತೇವವನ್ನು ತೆಗೆಯಬೇಕು. ಆ ಕೆಲಸವನ್ನು ಎ.ಸಿ. ಮಾಡುತ್ತದೆ.

ಎ.ಸಿ.ಯೂ ಒಂದು ಶಾಖದ ಪಂಪೇ. ಅದರ ಅಂಕಿಯೂ ಗಡಿಕಲ್ಲೇ. ಮಧ್ಯಾಹ್ನದ ಬಿಸಿಲಲ್ಲಿ ಮನೆಗೆ ಬಂದವರು 16ಕ್ಕೆ ಒತ್ತಿದರೆ ಹಿತವಾದ ತಂಪು ಬೇಗ ಬರುವುದೆಂದು ನಂಬಬೇಡಿ. ನಕ್ಷತ್ರದ ಗುರುತಿನ ಹೊಸ ಎ.ಸಿ.ಗಳು ಆರಂಭದಲ್ಲಿ 24 ಡಿಗ್ರಿಗೇ ಹೊಂದಿರಬೇಕೆಂಬ ನಿಯಮ 2020ರ ಜನವರಿಯಿಂದ ದೇಶದಲ್ಲಿ ಬಂದಿದೆ. ಅಂಕಿ ಒಂದು ಡಿಗ್ರಿ ಏರಿದರೆ ವಿದ್ಯುತ್ತು ನೂರಕ್ಕೆ ಸುಮಾರು 6ರಷ್ಟು ಉಳಿಯುತ್ತದೆಂದು ಸರ್ಕಾರದ ಅಂದಾಜು. 26ಕ್ಕೆ ಇಟ್ಟು ಫ್ಯಾನನ್ನು ನಿಧಾನವಾಗಿ ತಿರುಗಿಸಿ ನೋಡಿ. ತೇವ ಇಳಿದೊಡನೆ ಮೈ ಹಗುರಾಗುತ್ತದೆ.

ಪರದೇಶದಲ್ಲಾಗಲಿ ಬೈಂದೂರಿನಲ್ಲಾಗಲಿ ಪಾಠ ಒಂದೇ. ಮನೆಯಲ್ಲಿ ಎಲ್ಲರೂ ಕೂತು ಒಂದು ಅಂಕಿಯನ್ನು ಒಪ್ಪಿಕೊಳ್ಳಿ. ಆಮೇಲೆ ಪೆಟ್ಟಿಗೆಯ ಕೆಲಸವನ್ನು ಪೆಟ್ಟಿಗೆಗೇ ಬಿಡಿ.