ಹೊಟೇಲುಗಳ ಹಿಂಬಾಗಿಲಿನ ನಾಯಿ

ಮುಂಬಯಿಯ ಯಾವ ಹೊಟೇಲಿನ ಹಿಂಬಾಗಿಲಿಗೆ ಹೋದರೂ ಅಲ್ಲಿ ಒಂದೆರಡು ನಾಯಿಗಳು ಮಲಗಿರುತ್ತವೆ. ಮುಸುರೆಯ ಡಬ್ಬ ಹೊರಗೆ ಬಂದೊಡನೆ ಅವು ಬಾಲವಾಡಿಸುತ್ತ ಎದ್ದು ನಿಲ್ಲುತ್ತವೆ. ಒಬ್ಬ ಹುಡುಗ ಇಡ್ಲಿಯ ಚೂರನ್ನು ಎಸೆಯುತ್ತಾನೆ. ಇನ್ನೊಬ್ಬ ಕುದಿಯುವ ನೀರನ್ನು ಎರಚುತ್ತಾನೆ. ಒಂದೇ ಹೊಟೇಲಿನಲ್ಲಿ, ಒಂದೇ ದಿನ, ಒಂದೇ ನಾಯಿಗೆ ಈ ಎರಡು ಬಗೆಯ ಸತ್ಕಾರವೂ ಸಲ್ಲುತ್ತದೆ. ಬೆನ್ನಿನ ಕೂದಲುದುರಿ, ಬೆಂದ ಗಾಯವನ್ನು ಹೊತ್ತು ಗಲ್ಲಿಯಿಂದ ಗಲ್ಲಿಗೆ ಅಲೆಯುವ ನಾಯಿಯನ್ನು ಕಾಣದ ಹೊಟೇಲು ಕೆಲಸಗಾರರು ನಮ್ಮ ವಾಚಕರಲ್ಲಿ ವಿರಳವೆಂದೇ ನಾವು ಭಾವಿಸುತ್ತೇವೆ.

ಈ ನಾಯಿಯ ವಿಚಾರ 2025ರಲ್ಲಿ ದೇಶದ ಅತ್ಯುಚ್ಚ ನ್ಯಾಯಾಲಯದ ಮುಂದೆ ಬಂದಿತು. ಆ ವರ್ಷದ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಪೀಠವು ದಿಲ್ಲಿ ಮತ್ತು ಅದರ ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಕೂಡಿಡಬೇಕೆಂದು ಆಜ್ಞಾಪಿಸಿತು. ಹನ್ನೊಂದೇ ದಿನಗಳಲ್ಲಿ, ಆಗಸ್ಟ್ 22ರಂದು, ಮೂವರ ಪೀಠವು ಅದನ್ನು ತಿದ್ದಿತು: ಸಂತಾನಹರಣ ಶಸ್ತ್ರಕ್ರಿಯೆ ಮಾಡಿ, ರೋಗನಿರೋಧಕ ಚುಚ್ಚುಮದ್ದು ಕೊಟ್ಟು, ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡಬೇಕು, ಹುಚ್ಚು ಹಿಡಿದವನ್ನೂ ಮೇಲೆರಗುವ ಸ್ವಭಾವದವನ್ನೂ ಮಾತ್ರ ಬಿಡಕೂಡದು, ಬೀದಿಯಲ್ಲಿ ಕಂಡಕಂಡಲ್ಲಿ ಅನ್ನ ಹಾಕದೆ ಅದಕ್ಕೆ ಗೊತ್ತಾದ ಜಾಗಗಳನ್ನು ಮಾಡಬೇಕು. ನವೆಂಬರ್ 7ರಂದು ಇನ್ನೊಂದು ಆದೇಶ ಬಂದು, ಶಾಲೆ, ಆಸ್ಪತ್ರೆ, ಬಸ್ಸು ಮತ್ತು ರೈಲ್ವೆ ನಿಲ್ದಾಣಗಳಿಂದ ಹಿಡಿದ ನಾಯಿಗಳನ್ನು ಪುನಃ ಅಲ್ಲಿಗೆ ಬಿಡಕೂಡದೆಂದಿತು. ಆ ದಿನಗಳಲ್ಲಿ ಲೋಕಲ್ ಗಾಡಿಗಳಲ್ಲಿ ನಮ್ಮ ಗುಮಾಸ್ತ ಬಂಧುಗಳು ಎರಡು ಪಕ್ಷ ಕಟ್ಟಿಕೊಂಡು ವಾದಿಸುತ್ತಿದ್ದುದನ್ನು ನಾವು ಕಿವಿಯಾರೆ ಕೇಳಿದ್ದೇವೆ. ‘ಎಲ್ಲವನ್ನೂ ಕೊಂದುಬಿಡಲಿ’ ಎಂಬುದು ಒಂದು ಪಕ್ಷ. ‘ಮೂಕಪ್ರಾಣಿಯ ತಂಟೆಗೆ ಹೋಗುವುದು ಪಾಪ’ ಎಂಬುದು ಇನ್ನೊಂದು.

ಈ ವಾದ ಮುಂಬಯಿಗೆ ಹೊಸತಲ್ಲ. ನೂರತೊಂಬತ್ತು ವರ್ಷಗಳಿಗೂ ಹಿಂದೆ ಈ ನಗರದಲ್ಲಿ ನಾಯಿಗಳ ಸಲುವಾಗಿ ಒಂದು ದೊಂಬಿಯೇ ನಡೆದುಹೋಗಿದೆ. ಆಗಿನ ಆಂಗ್ಲ ಸರಕಾರವು ಬೀದಿನಾಯಿಗಳನ್ನು ಬೇಸಿಗೆಯಲ್ಲಿ ಕೊಲ್ಲಬೇಕೆಂದು ಕಟ್ಟಳೆ ಮಾಡಿ, ಕೊಂದ ನಾಯಿಯೊಂದಕ್ಕೆ ಎಂಟಾಣೆಯ ಇನಾಮು ಗೊತ್ತುಪಡಿಸಿತ್ತು. ಎಂಟಾಣೆ ಆ ಕಾಲದಲ್ಲಿ ಸಣ್ಣ ಮೊತ್ತವಲ್ಲ. ಇನಾಮಿನ ಆಸೆಗೆ ಬಿದ್ದವರು ಬೀದಿಯ ನಾಯಿ ಯಾವುದು, ಮನೆಯ ನಾಯಿ ಯಾವುದೆಂದು ನೋಡಲಿಲ್ಲ. ಅಂಗಳಕ್ಕೆ ನುಗ್ಗಿ ಸಾಕಿದ ನಾಯಿಗಳನ್ನೂ ಬಡಿದರು. ಪಾರಸಿಗಳಿಗೆ ನಾಯಿ ಪವಿತ್ರ ಪ್ರಾಣಿ. ಅವರ ಅಂತ್ಯಕ್ರಿಯೆಯಲ್ಲಿ ಶವವನ್ನು ನಾಯಿಯ ದೃಷ್ಟಿಗೆ ತೋರಿಸುವ ವಿಧಿಯೇ ಉಂಟು. 1832ರ ಜೂನ್ 6ರಂದು, ಅವರಿಗೆ ಪವಿತ್ರವಾದ ದಿನದಲ್ಲಿ, ಕೋಟೆ ಪ್ರದೇಶದಲ್ಲಿ ಪಾರಸಿಗಳ ಗುಂಪೊಂದು ನಾಯಿ ಕೊಲ್ಲುವವರ ಮೇಲೆ ತಿರುಗಿಬಿತ್ತು. ಮರುದಿನ ಪೇಟೆ ಮುಚ್ಚಿತು. ಹಿಂದುಗಳೂ ಇತರರೂ ಅವರ ಜೊತೆಗೂಡಿದರು. ಕೊಲಾಬಾದ ದಂಡಿಗೆ ಹೋಗಬೇಕಾದ ಆಹಾರಸಾಮಗ್ರಿ ನಿಂತುಹೋಯಿತು. ಕೊನೆಗೆ ಸೈನ್ಯವನ್ನು ಕರೆಸಿ ಗಲಭೆಯನ್ನು ಅಡಗಿಸಬೇಕಾಯಿತು. ನಾಯಿಗೋಸ್ಕರ ಮುಂಬಯಿಯ ವ್ಯಾಪಾರ ನಿಂತುಹೋಗಿತ್ತೆಂದರೆ ಇಂದು ನಂಬುವವರು ಕಡಿಮೆ. ಆದರೆ ಇದು ಇತಿಹಾಸ.

ಆ ಗಲಭೆಯ ಫಲವಾಗಿ ಹುಟ್ಟಿದ್ದೇ ಭುಲೇಶ್ವರದ ಪಾಂಜರಾಪೋಳ. ಸರ್ ಜಮಶೇಟ್‌ಜಿ ಜೀಜೀಭಾಯಿ ಮತ್ತು ಅಮೀಚಂದ ಶಾಹ ಎಂಬ ವರ್ತಕರು 1834ರಲ್ಲಿ ಇದನ್ನು ಸ್ಥಾಪಿಸಿದರು. ಜೆ. ಜೆ. ಆಸ್ಪತ್ರೆಯ ಹೆಸರಿನಲ್ಲಿರುವ ಜೆ. ಜೆ. ಇವರೇ ಎಂಬುದನ್ನು ಆ ದಾರಿಯಲ್ಲಿ ನಿತ್ಯ ನಡೆದಾಡುವವರೂ ಅರಿತಿರಲಾರರು. ಕೊಲ್ಲುವ ಬದಲು ದಿಕ್ಕಿಲ್ಲದ ನಾಯಿಗಳನ್ನು ತಂದು ಸಾಕೋಣ ಎಂಬುದು ಆರಂಭದ ಉದ್ದೇಶ. ಈಗ ಅಲ್ಲಿ ಹೆಚ್ಚಾಗಿ ಕಾಣುವುದು ಹಸುಗಳೇ. 1874ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘವೂ, ಮುಂದಿನ ದಶಕದಲ್ಲಿ ಗಿರಣಿ ಮಾಲಕರಾದ ಸರ್ ದಿನಶಾ ಪೆಟಿಟ್ ಅವರು ಪತ್ನಿ ಸಕರಬಾಯಿಯವರ ಹೆಸರಿನಲ್ಲಿ ಕಟ್ಟಿಸಿದ ಪರೇಲಿನ ಪ್ರಾಣಿಗಳ ಆಸ್ಪತ್ರೆಯೂ ಬಂದವು. ಪರೇಲಿನಲ್ಲಿ ಇರುವ ನಮ್ಮವರು ಎಷ್ಟೋ ಮಂದಿ. ಗಾಯಗೊಂಡ ಪ್ರಾಣಿಗೆಂದೇ ಒಂದು ಆಸ್ಪತ್ರೆ ಅಲ್ಲಿದೆಯೆಂಬುದನ್ನು ಅವರು ಗಮನದಲ್ಲಿಡಬೇಕು.

ಇಷ್ಟೆಲ್ಲ ಆದರೂ ಕೊಲ್ಲುವುದು ನಿಲ್ಲಲಿಲ್ಲ. ಸ್ವಾತಂತ್ರ್ಯಾನಂತರವೂ ನಗರಪಾಲಿಕೆ ವರ್ಷವರ್ಷವೂ ಸಾವಿರ ಸಾವಿರ ನಾಯಿಗಳನ್ನು ಹಿಡಿದು, ವಿದ್ಯುತ್ತು ಹಾಯಿಸಿ ಕೊಲ್ಲುತ್ತಿತ್ತು. ಗಲ್ಲಿಯಲ್ಲಿ ನಾಯಿಗಳು ಮಾತ್ರ ಕಡಿಮೆಯಾಗಲಿಲ್ಲ. ಇದಕ್ಕೆ ಕಾರಣವನ್ನು ತಿಳಿಯಲು ದೊಡ್ಡ ವಿದ್ವಾಂಸರು ಬೇಕಾಗಿಲ್ಲ. ಹೊಟೇಲಿನ ಹಿಂದೆ ನಾಲ್ಕು ದಿನ ನಿಂತು ನೋಡಿದರೆ ಸಾಕು. ಒಂದು ಗಲ್ಲಿಯ ನಾಯಿಗಳನ್ನು ಒಯ್ದರೆ ಅಲ್ಲಿಯ ಎಂಜಲು ಹಾಗೆಯೇ ಉಳಿಯುತ್ತದೆ. ಆ ಎಂಜಲಿಗೆ ಪಕ್ಕದ ಗಲ್ಲಿಯ ನಾಯಿಗಳು ಬರುತ್ತವೆ. ಹೆಣ್ಣುನಾಯಿ ಎರಡು ತಿಂಗಳಲ್ಲಿ ಗರ್ಭ ಕಳೆದು ನಾಲ್ಕಾರು ಮರಿ ಹಾಕುತ್ತದೆ. ಹೀಗೆ ಕೊಂದಷ್ಟೂ ಜಾಗ ತುಂಬುತ್ತಲೇ ಬಂತು. 1990ರ ದಶಕದಲ್ಲಿ ಮುಂಬಯಿಯೂ ಮದ್ರಾಸೂ ಕೊಲ್ಲುವುದನ್ನು ಬಿಟ್ಟು ಶಸ್ತ್ರಕ್ರಿಯೆಯ ಮಾರ್ಗ ಹಿಡಿದವು. 2001ರಲ್ಲಿ ಕೇಂದ್ರ ಸರಕಾರ ಅದನ್ನೇ ನಿಯಮವಾಗಿ ಮಾಡಿತು. 2023ರಲ್ಲಿ ಆ ನಿಯಮಗಳನ್ನು ಹೊಸದಾಗಿ ಬರೆಯಲಾಯಿತು. ಒಂದು ಕಿವಿಯ ತುದಿ ಕತ್ತರಿಸಿದ ನಾಯಿಯನ್ನು ವಾಚಕರು ನೋಡಿರಬಹುದು. ಅದು ಯಾರೋ ಮಾಡಿದ ಕ್ರೌರ್ಯವಲ್ಲ, ಶಸ್ತ್ರಕ್ರಿಯೆ ಆಗಿದೆಯೆಂಬ ಗುರುತು. 2014ರ ಗಣತಿಯಲ್ಲಿ ಮುಂಬಯಿಯಲ್ಲಿದ್ದ ಬೀದಿನಾಯಿಗಳು 95 ಸಾವಿರಕ್ಕೂ ಮೇಲೆ. ಸುಮಾರು ಹತ್ತು ವರ್ಷಗಳ ನಂತರದ ಅಂದಾಜು 90 ಸಾವಿರದ ಆಸುಪಾಸು. ಊರು ಇಷ್ಟು ಬೆಳೆದರೂ ಸಂಖ್ಯೆ ಏರದೆ ಸ್ವಲ್ಪವಾದರೂ ಇಳಿದಿರುವುದು ನಮಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ.

ಊರಿನ ಬಡಗಣ ಅಂಚಿನಲ್ಲಿ ಇದೇ ಎಂಜಲಿನ ಕತೆ ಕಾಡುಪ್ರಾಣಿಯವರೆಗೆ ಮುಟ್ಟುತ್ತದೆ. ಬೊರಿವಲಿ, ಮುಲುಂಡ್, ಭಾಂಡುಪ್, ಠಾಣೆಗಳಲ್ಲಿರುವ ನಮ್ಮವರಿಗೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಚಿರತೆಗಳ ಸುದ್ದಿ ಹೊಸತಲ್ಲ. ಸುಮಾರು ನೂರನಾಲ್ಕು ಚದರ ಕಿಲೋಮೀಟರಿನ ಆ ಕಾಡಿನಲ್ಲೂ ಆರೆ ಕಾಲೊನಿಯಂಥ ಅದರ ಅಂಚುಗಳಲ್ಲೂ ಐವತ್ತರ ಆಸುಪಾಸು ಚಿರತೆಗಳಿವೆ. ಕಾಡಿನಂಚಿನಲ್ಲಿ ಸುರಿದ ಕಸಕ್ಕೆ ನಾಯಿಗಳು ಬರುತ್ತವೆ, ನಾಯಿಗಳಿಗಾಗಿ ಚಿರತೆಗಳು ಬರುತ್ತವೆ. ವರ್ಷಕ್ಕೆ ಒಂದೂವರೆ ಸಾವಿರದಷ್ಟು ನಾಯಿಗಳನ್ನು ಅವು ತಿನ್ನುತ್ತವೆಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಲೆಕ್ಕ ಹಾಕಿತು. ಚಿರತೆಯನ್ನು ಹಿಡಿದು ಬೇರೆ ಕಾಡಿಗೆ ಬಿಡಿ ಎಂದು ಕೂಗುವವರು ಪುಣೆ ಜಿಲ್ಲೆಯ ಜುನ್ನರದ ಅನುಭವವನ್ನು ತಿಳಿಯಬೇಕು. ಅಲ್ಲಿ ಹಾಗೆ ಹಿಡಿದು ಸಾಗಿಸಿದ ಮೇಲೆ ಮನುಷ್ಯರ ಮೇಲಿನ ಆಕ್ರಮಣ ಕಡಿಮೆಯಾಗುವ ಬದಲು ಹೆಚ್ಚಾಯಿತೆಂದು ಸಂಶೋಧಕಿ ವಿದ್ಯಾ ಅತ್ರೇಯ ಮತ್ತು ಸಂಗಡಿಗರು ಬರೆದಿದ್ದಾರೆ. ಆ ಅಂಚಿನಲ್ಲಿ ಹೊಟೇಲು, ಕ್ಯಾಂಟೀನು ನಡೆಸುವವರು ರಾತ್ರಿ ಕಸವನ್ನು ಬೇಲಿಯಾಚೆ ಎಸೆದರೆ, ಬೆಳಗಿನ ಜಾವ ಹಾಲು ತರಲು ಹೋಗುವ ತಮ್ಮದೇ ಹುಡುಗನ ದಾರಿಗೆ ಚಿರತೆಯನ್ನು ಕರೆದಂತೆ.

ಈಗ ಕುದಿಯುವ ನೀರಿನ ಮಾತು. ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವ ಕಾಯಿದೆ 1960ರಲ್ಲಿ ಬಂತು. ಅದಕ್ಕೆ ಮೊದಲು ರಾಜ್ಯಸಭೆಯಲ್ಲಿ ಈ ವಿಷಯವನ್ನು ಎತ್ತಿ ಮಸೂದೆ ತಂದವರು ‘ಕಲಾಕ್ಷೇತ್ರ’ದ ರುಕ್ಮಿಣೀದೇವಿ ಅರುಂಡೇಲ್. ಆ ಕಾಯಿದೆ ಮೊದಲ ತಪ್ಪಿಗೆ ಗೊತ್ತುಪಡಿಸಿದ ದಂಡ ಹತ್ತರಿಂದ ಐವತ್ತು ರೂಪಾಯಿ. ಇಂದು ಮುಂಬಯಿಯಲ್ಲಿ ಒಂದು ಮಸಾಲೆದೋಸೆಯ ಬೆಲೆ ಅದಕ್ಕಿಂತ ಹೆಚ್ಚು! ಆದರೆ ಇದನ್ನೇ ನಂಬಿ ಯಾರೂ ಧೈರ್ಯ ತಂದುಕೊಳ್ಳಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ, ಯಾವುದೇ ಪ್ರಾಣಿಯನ್ನು ಕೊಂದರೆ, ವಿಷವಿಕ್ಕಿದರೆ, ಅಂಗಹೀನಗೊಳಿಸಿದರೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಧಣಿ ಹೇಳಿದರೆಂದು ನೀರು ಎರಚಿದ ಹುಡುಗನೇ ಪೋಲೀಸು ಠಾಣೆಗೆ ಹೋಗಬೇಕಾಗುತ್ತದೆ. ಅಲ್ಲದೆ ಪೆಟ್ಟು ತಿಂದ ನಾಯಿಯೇ ಹೆಚ್ಚಾಗಿ ಕಚ್ಚುವ ನಾಯಿ. ಕಚ್ಚುವುದು ನೀರು ಎರಚಿದವನನ್ನೇ ಎಂದಿಲ್ಲ, ಆ ದಾರಿಯಲ್ಲಿ ರಾತ್ರಿ ಶಾಲೆಯಿಂದ ಮರಳುವವನನ್ನೂ ಕಚ್ಚೀತು.

ನಾಯಿಯಿಂದ ನಮ್ಮವರಿಗಿರುವ ಭಯ ಸುಳ್ಳಿನದಲ್ಲ. ಕೆಲಸ ಮುಗಿಸಿ ನಡುರಾತ್ರಿಯಲ್ಲಿ ಖೋಲಿಗೆ ನಡೆಯುವವನೂ, ನಸುಕಿನಲ್ಲಿ ಬಾಗಿಲು ತೆರೆಯಲು ಬರುವವನೂ ಹೊಟೇಲಿನವನೇ. ಆ ಹೊತ್ತಿನಲ್ಲಿ ಬೀದಿ ನಾಯಿಗಳ ಆಳ್ವಿಕೆಯಲ್ಲಿರುತ್ತದೆ. ನಾವು ಹೊಟೇಲು ನಡೆಸುತ್ತಿದ್ದ ಕಾಲದಲ್ಲಿ ಮೋರಿಯ ಕೆಲಸದ ಒಬ್ಬ ಹುಡುಗನಿಗೆ ಮೀನಖಂಡದಲ್ಲಿ ನಾಯಿ ಕಚ್ಚಿತು. ಅವನು ಗಾಯಕ್ಕೆ ಕಾಫಿಪುಡಿ ಮೆತ್ತಿ, ಪಂಚೆ ಇಳಿಬಿಟ್ಟು, ಎರಡು ದಿನ ಯಾರಿಗೂ ಹೇಳದೆ ತಟ್ಟೆ ತೊಳೆದ. ಮೂರನೆಯ ದಿನ ಕುಂಟುವುದನ್ನು ಕಂಡು ವಿಚಾರಿಸಿದಾಗ ತಿಳಿದ ಸಂಗತಿ ಇದು: ಊರಿನಲ್ಲಿ ಅವನ ಅಜ್ಜಿ, ನಾಯಿ ಕಚ್ಚಿದರೆ ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂದು ಹೇಳಿದ್ದರು. ಆ ಹೆದರಿಕೆಯ ಮೇಲೆ ರಜೆಯ ಸಂಬಳ ಕಡಿದಾರೆಂಬ ಹೆದರಿಕೆ ಬೇರೆ. ಅಂದೇ ಆಸ್ಪತ್ರೆಗೆ ಕರೆದೊಯ್ದು ತೋಳಿಗೆ ಚುಚ್ಚಿಸಿದೆವು. ‘ಇಷ್ಟೇಯಾ ಧಣಿ?’ ಎಂದು ಅವನು ನಕ್ಕ.

ಅಜ್ಜಿ ಹೇಳಿದ್ದು ಸುಳ್ಳಲ್ಲ, ಹಳೆಯದು. ಕುರಿಯ ಮೆದುಳಿನಿಂದ ತಯಾರಿಸುತ್ತಿದ್ದ ಆ ಔಷಧವನ್ನು ಸುಮಾರು 2004ರ ಹೊತ್ತಿಗೆ ನಮ್ಮ ದೇಶದಲ್ಲಿ ನಿಲ್ಲಿಸಲಾಯಿತು. ಈಗಿನ ಚುಚ್ಚುಮದ್ದು ತೋಳಿಗೆ. ಚರ್ಮದೊಳಗೆ ಚುಚ್ಚುವ ಕ್ರಮದಲ್ಲಿ ನಾಲ್ಕು ಸಲ ಹೋಗಬೇಕು: ಮೊದಲ ದಿನ, ಅಲ್ಲಿಂದ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನಗಳಲ್ಲಿ. ರಕ್ತ ಬಂದಿದ್ದರೆ ಗಾಯದ ಸುತ್ತ ಇನ್ನೊಂದು ಔಷಧವನ್ನೂ ಚುಚ್ಚುತ್ತಾರೆ, ಅದನ್ನು ಬೇಡವೆನ್ನಬಾರದು. ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಇದಕ್ಕೆ ಹಣವಿಲ್ಲ. ಆಸ್ಪತ್ರೆಗೆ ಹೊರಡುವ ಮೊದಲು ಗಾಯವನ್ನು ಸಾಬೂನು ಹಚ್ಚಿ ನಲ್ಲಿಯ ಕೆಳಗೆ ಹದಿನೈದು ನಿಮಿಷ ತೊಳೆಯಬೇಕು. ಕಾಫಿಪುಡಿ, ಸುಣ್ಣ, ಮೆಣಸಿನಪುಡಿ, ಅರಸಿನ ಯಾವುದೂ ಬೇಡ. ಹುಚ್ಚುನಾಯಿಯ ರೋಗದ ಲಕ್ಷಣಗಳು ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಕಾಣಿಸುತ್ತವೆ. ಕಾಣಿಸಿದ ಮೇಲೆ ಬದುಕಿ ಉಳಿದವರು ಇಲ್ಲವೆನ್ನುವಷ್ಟು ವಿರಳ. ಮಾಲಕ ಬಂಧುಗಳಲ್ಲಿ ನಮ್ಮ ವಿಜ್ಞಾಪನೆ, ಆ ನಾಲ್ಕು ದಿನಗಳ ಸಂಬಳವನ್ನು ಕಡಿಯದಿರಿ.

ಇನ್ನು ಆ ಹಿಂಬಾಗಿಲಿನಲ್ಲಿ ಮಾಡಬೇಕಾದುದೇನು? ಮುಸುರೆಯ ಡಬ್ಬಕ್ಕೆ ಮುಚ್ಚಳ ಹಾಕುವುದು ಮೊದಲ ಕೆಲಸ. ಎಂಜಲು ಗಲ್ಲಿಯಲ್ಲಿ ಚೆಲ್ಲದಿದ್ದರೆ ಹತ್ತು ನಾಯಿ ಕೂಡುವಲ್ಲಿ ಎರಡೇ ಉಳಿಯುತ್ತವೆ. ಆ ಎರಡಕ್ಕೆ ಹಾಕುವುದಾದರೆ ದಿನವೂ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ ಹಾಕಿ, ತಿಂದಾದ ಮೇಲೆ ಜಾಗ ತೊಳೆಯಬೇಕು. ಮಕ್ಕಳು ಆಡುವ ಸ್ಥಳ, ಮೆಟ್ಟಿಲು, ಕಟ್ಟಡದ ಬಾಗಿಲು ಇವುಗಳ ಬಳಿ ಹಾಕಕೂಡದೆಂದು 2023ರ ನಿಯಮಗಳೇ ಹೇಳುತ್ತವೆ. ಮೊಸರನ್ನವೋ ಬರಿಯ ಇಡ್ಲಿಯೋ ಆಗಬಹುದು. ನೀರುಳ್ಳಿಯ ಸಾಂಬಾರು ಬೇಡ, ನೀರುಳ್ಳಿ ನಾಯಿಗೆ ವಿಷಪ್ರಾಯ. ಕಿವಿಯಲ್ಲಿ ಗುರುತಿಲ್ಲದ ನಾಯಿ ಕಂಡರೆ ವಾರ್ಡು ಕಚೇರಿಗೆ ತಿಳಿಸಬೇಕು. ಅನ್ನ ಹಾಕುವ ಹುಡುಗನ ಕೈಗೆ ನಾಯಿ ಹೊಂದಿಕೊಂಡಿರುವುದರಿಂದ, ಹಿಡಿಯುವವರು ಬಂದ ದಿನ ಅವನನ್ನು ಅರ್ಧ ಗಂಟೆ ಮೋರಿಯ ಕೆಲಸದಿಂದ ಬಿಡಿಸಿ ಕಳುಹಿಸಿಕೊಟ್ಟರೆ ಅವರ ಬಲೆ ಬೀಸುವ ಶ್ರಮ ತಪ್ಪುತ್ತದೆ.