‘ಪುಟ್ಟ ಇಂಗ್ಲೆಂಡ್’ಗೆ ಹೊರಟವರಿಗೆ

ಕಾಪುವಿನ ದೀಪಸ್ತಂಭದಿಂದ ಪಶ್ಚಿಮಕ್ಕೆ ನೆಟ್ಟಗೆ ಒಂದು ಗೆರೆ ಎಳೆಯಿರಿ. ಅರಬ್ಬಿ ಸಮುದ್ರ ದಾಟಿ, ಆಫ್ರಿಕಾ ಹಾದು, ಅಟ್ಲಾಂಟಿಕ್ ಸಾಗರವನ್ನೂ ಕಳೆದ ಮೇಲೆ ಆ ಗೆರೆ ಮುಟ್ಟುವ ಮೊದಲ ನೆಲ ಬಾರ್ಬಡೋಸ್. ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಾನು ಹುಟ್ಟಿ ಬೆಳೆದದ್ದು ಕಾಪುವಿನಲ್ಲಿ. ಈಗ ಇರುವುದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಹತ್ತಿರ, ಒಂದು ಔಷಧಿ ಅಂಗಡಿಯ ಫಾರ್ಮಸಿಸ್ಟ್ ಆಗಿ. ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು, ಪರದೇಶ ಪ್ರವಾಸಕ್ಕೆ ಹೊರಟವರಿಗೆ ಲಸಿಕೆ ಹಾಕಿ ನಾಲ್ಕು ಮಾತು ಹೇಳಿ ಕಳಿಸುವುದೂ ನನ್ನ ಕೆಲಸವೇ. ನವೆಂಬರ್ ಬಂದು, ಸಂಜೆ ನಾಲ್ಕೂವರೆಗೆಲ್ಲ ಕತ್ತಲಾಗತೊಡಗಿತೆಂದರೆ ನಮ್ಮ ಗಿರಾಕಿಗಳ ಬಾಯಲ್ಲಿ ಬಾರ್ಬಡೋಸ್ ಜಪ ಶುರುವಾಗುತ್ತದೆ.

ಈ ದ್ವೀಪಕ್ಕೆ ‘ಪುಟ್ಟ ಇಂಗ್ಲೆಂಡ್’ ಎಂಬ ಅಡ್ಡಹೆಸರಿದೆ. 1627ರಲ್ಲಿ ಇಂಗ್ಲಿಷರು ಬಂದು ನೆಲೆಯೂರಿದರು. 1966ರಲ್ಲಿ ಸ್ವಾತಂತ್ರ್ಯ ಬಂತು. 2021ರಲ್ಲಿ ರಾಣಿಯನ್ನು ಬಿಟ್ಟು ಗಣರಾಜ್ಯವಾಯಿತು. ವಾಹನ ಓಡುವುದು ಎಡಗಡೆ, ಮಾತು ಇಂಗ್ಲಿಷ್, ಆಟ ಕ್ರಿಕೆಟ್. ಹೇಸ್ಟಿಂಗ್ಸ್, ವರ್ದಿಂಗ್, ಡೋವರ್ ಎಂಬ ಊರುಗಳು ಅಲ್ಲೂ ಇವೆ. ಒಂಬತ್ತು ಗಂಟೆಯ ಹಾರಾಟ ಮುಗಿಸಿ ಇಳಿದವರಿಗೆ ತಮ್ಮದೇ ಊರಿಗೆ ಯಾರೋ ಬಿಸಿಲು ಹಾಕಿಸಿದ ಹಾಗೆ ಕಾಣುತ್ತದೆ. ಹಾಗಾಗಿ, ಭಾರತಕ್ಕೋ ಕೆನ್ಯಾಕ್ಕೋ ಹೋಗುವಾಗ ಇರುವ ಎಚ್ಚರ ಬಾರ್ಬಡೋಸಿಗೆ ಹೊರಟವರಲ್ಲಿ ಇರುವುದಿಲ್ಲ. ನನ್ನ ತಕರಾರು ಇರುವುದು ಅಲ್ಲೇ.

ಅವರು ಕೇಳುವ ಪ್ರಶ್ನೆಗಳೇ ಬೇರೆ. ನೀರು ಕುಡಿಯಬಹುದೆ? ಧಾರಾಳವಾಗಿ. ದ್ವೀಪದ ಬಹುಪಾಲು ಹವಳದ ಸುಣ್ಣಕಲ್ಲು. ಮಳೆನೀರು ಅದರೊಳಗೆ ಸೋಸಿಕೊಂಡೇ ಕೆಳಗಿಳಿಯುತ್ತದೆ, ನಲ್ಲಿಗೆ ಬಾಯಿ ಕೊಟ್ಟರೂ ತೊಂದರೆಯಿಲ್ಲ. ಮಲೇರಿಯಾ? ಇಲ್ಲ. ಶಾರ್ಕ್? ಎಲ್ಲರೂ ಕೇಳುತ್ತಾರೆ, ಉತ್ತರ ಹೇಳಿ ನನಗೆ ಬೇಸರ ಬಂದಿದೆ. ಬಿಸಿಲಿನ ಬಗ್ಗೆ ಮಾತ್ರ ಒಬ್ಬರೂ ಕೇಳುವುದಿಲ್ಲ. ನಾನಾಗಿ ಎತ್ತಿದರೆ, “ನಾವು ದುಡ್ಡು ಕೊಡುವುದೇ ಅದಕ್ಕಲ್ಲವೆ!” ಎಂದು ನಗುತ್ತಾರೆ.

ಲೆಕ್ಕ ಹೀಗಿದೆ. ಬರ್ಮಿಂಗ್‌ಹ್ಯಾಮಿನಲ್ಲಿ ಜೂನ್ ತಿಂಗಳ ನಡುಹಗಲಲ್ಲೂ ಸೂರ್ಯ 61 ಡಿಗ್ರಿಗಿಂತ ಮೇಲೇರುವುದಿಲ್ಲ. ಬಾರ್ಬಡೋಸಿನಲ್ಲಿ ಫೆಬ್ರವರಿ ಮುಗಿಯುವಷ್ಟರಲ್ಲೇ 69ಕ್ಕೆ ಏರಿರುತ್ತಾನೆ; ಏಪ್ರಿಲ್ ಕೊನೆಗೆ ನೆತ್ತಿಯ ಮೇಲೇ. ಇಷ್ಟಾದರೂ ಸೆಕೆ ಅಷ್ಟಾಗಿ ಗೊತ್ತಾಗುವುದಿಲ್ಲ, ಯಾಕೆಂದರೆ ಈಶಾನ್ಯದಿಂದ ವಾಣಿಜ್ಯ ಮಾರುತ ಬೀಸುತ್ತಲೇ ಇರುತ್ತದೆ. ಕಾಪುವಿನ ಕಡಲತೀರದಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತರೆ ಬೆವರೇ ನಮ್ಮನ್ನು ಮನೆಗೆ ಅಟ್ಟುತ್ತದೆ. ಬಾರ್ಬಡೋಸಿನ ಗಾಳಿ ಬೆವರನ್ನು ಒಣಗಿಸಿ, ಮಲಗಿದವರನ್ನು ಇನ್ನೂ ಒಂದು ತಾಸು ಮಲಗಿಸುತ್ತದೆ. ಚರ್ಮ ಸುಟ್ಟದ್ದು ತಿಳಿಯುವುದು ರಾತ್ರಿ ಹಾಸಿಗೆಗೆ ಬೆನ್ನು ತಾಗಿದಾಗ.

ಫ್ಯಾಕ್ಟರ್ 50ರ ಸನ್‌ಕ್ರೀಮ್ ಕೊಟ್ಟರೆ ಸಾಲದು, ಹಚ್ಚುವುದನ್ನೂ ಹೇಳಿಕೊಡಬೇಕು. ಎರಡು ವಾರಕ್ಕೆ ಹೋದ ದಂಪತಿ ಅರ್ಧ ಬಾಟಲಿ ವಾಪಸು ತಂದರೆಂದರೆ ಹಚ್ಚಿದ್ದು ಕಡಿಮೆಯಾಯಿತು ಎಂದೇ ಅರ್ಥ. ಎರಡು ತಾಸಿಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ, ಕಿವಿಯ ತುದಿ, ಪಾದದ ಮೇಲ್ಭಾಗ, ಬೋಳುತಲೆ ಯಾವುದನ್ನೂ ಬಿಡದೆ ಹಚ್ಚಬೇಕು. ಸೊಳ್ಳೆಗೆ 50 ಪ್ರತಿಶತ ಡೀಟ್ ಇರುವ ದ್ರಾವಣ ಬೇರೆ; ಅದು ಸನ್‌ಕ್ರೀಮ್ ಆದ ಮೇಲೆ, ಮೊದಲಲ್ಲ. ಡೆಂಗಿ ತರುವ ಈಡಿಸ್ ಸೊಳ್ಳೆ ಹಗಲಲ್ಲೇ ಕಚ್ಚುವುದರಿಂದ ಎರಡೂ ಒಟ್ಟಿಗೇ ಬೇಕಾಗುತ್ತವೆ.

ಆಮೇಲೆ ಅವರ ಮಾತ್ರೆಗಳ ಪಟ್ಟಿ ನೋಡುತ್ತೇನೆ. ಮೊಡವೆಗೆ ಡಾಕ್ಸಿಸೈಕ್ಲಿನ್ ನುಂಗುವ ಹುಡುಗಿ, ಹೃದಯದ ಬಡಿತಕ್ಕೆ ಅಮಿಯೋಡರೋನ್ ತೆಗೆದುಕೊಳ್ಳುವ ಅಜ್ಜ, ಇಬ್ಬರ ಚರ್ಮವೂ ಬೇರೆಯವರಿಗಿಂತ ಬೇಗ ಸುಡುತ್ತದೆ. ಇದನ್ನು ಟ್ರಾವೆಲ್ ಏಜೆಂಟ್ ಹೇಳುವುದಿಲ್ಲ. ಮಾತ್ರೆ, ಇನ್ಸುಲಿನ್ ಎಲ್ಲ ಕೈಚೀಲದಲ್ಲೇ, ಅದರದೇ ಡಬ್ಬಿಯಲ್ಲಿ, ಚೀಟಿಯ ಪ್ರತಿಯೊಂದಿಗೆ ಇರಲಿ. ವಿಮಾನದ ಹೊಟ್ಟೆಗೆ ಹಾಕಿದರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಟ್ಟೀತು.

ಮಳೆ ಬಂದರೆ ಮರದಡಿ ಓಡುವುದು ಇಂಗ್ಲಿಷರ ರಕ್ತದಲ್ಲೇ ಇದೆ. ಬಾರ್ಬಡೋಸಿನ ಕಡಲಂಚಿನಲ್ಲಿ ಅದನ್ನು ಮಾಡಬಾರದು. ಅಲ್ಲಿ ಮಂಚಿನೀಲ್ ಎಂಬ ಮರವಿದೆ. ನೋಡಲು ಸಾಧು: ಹೊಳೆಯುವ ಎಲೆ, ಪುಟ್ಟ ಹಸಿರು ಸೇಬಿನಂಥ ಹಣ್ಣು, ಹಣ್ಣಿಗೆ ಸಿಹಿವಾಸನೆ. ಆದರೆ ಅದರ ಹಾಲು ತಾಗಿದಲ್ಲೆಲ್ಲ ಬೊಬ್ಬೆ ಏಳುತ್ತದೆ. ಎಲೆಯಿಂದ ತೊಟ್ಟಿಕ್ಕುವ ಮಳೆನೀರೂ ಸುಡುತ್ತದೆ. ಹಣ್ಣು ಕಚ್ಚಿದರೆ ಗಂಟಲೇ ಊದಿಕೊಳ್ಳುತ್ತದೆ. ಚೇರೆ ಮರದ ಕೆಳಗೆ ನಿಲ್ಲಬೇಡ ಎಂದು ನಮ್ಮ ಅಮ್ಮಂದಿರು ಹೇಳಿದ ಹಾಗೆ ಇವರಿಗೆ ಹೇಳುವವರಿಲ್ಲ. ಪ್ರವಾಸಿಗರು ಹೋಗುವ ತೀರಗಳಲ್ಲಿ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಕೆಲವೆಡೆ ಫಲಕವಿರುತ್ತದೆ. ಪಟ್ಟಿ ಇಲ್ಲದ ಮರಗಳೂ ಉಂಟು. ನಾನು ಫೋನಿನಲ್ಲಿ ಹಣ್ಣಿನ ಚಿತ್ರ ತೋರಿಸುತ್ತೇನೆ, ಜೊತೆಗೆ ಮಕ್ಕಳಿದ್ದರೆ ಮಕ್ಕಳಿಗೇ ಮೊದಲು.

ಸಮುದ್ರಕ್ಕೂ ಎರಡು ಮುಖ. ಪಶ್ಚಿಮದ ಕೆರಿಬಿಯನ್ ಬದಿ ಕೆರೆಯಷ್ಟು ಶಾಂತ, ಈಜಲು ಬಾರದವರೂ ಸೊಂಟದ ನೀರಿನಲ್ಲಿ ನಿಂತು ಹರಟಬಹುದು. ಪೂರ್ವದ ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ಕಿನ ಅಲೆ ತಡೆಯಿಲ್ಲದೆ ಬಂದು ಅಪ್ಪಳಿಸುತ್ತದೆ. ಸರ್ಫಿಂಗ್ ಬಲ್ಲವರಿಗೆ ಅದು ಸ್ವರ್ಗ. ಉಳಿದವರು ದಡದಲ್ಲಿ ಕೂತು ಮೀನಿನೂಟ ಮಾಡುವುದೇ ಲೇಸು. ಎಲ್ಲಾದರೂ ಸೆಳೆತಕ್ಕೆ ಸಿಕ್ಕರೆ ದಡದ ಕಡೆಗೆ ಜಗ್ಗಾಡದೆ, ದಡಕ್ಕೆ ಸಮಾನಾಂತರವಾಗಿ ಈಜಿ ಹೊರಬರಬೇಕು.

ಒಮ್ಮೆ ಒಬ್ಬ ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಹಾಕಿಕೊಂಡಿದ್ದದ್ದು ಸೈನಿಕರ ಬಟ್ಟೆಯಂಥ ಹಸಿರು-ಕಂದು ಮಚ್ಚೆಯ ಚಡ್ಡಿ.

“ಇದನ್ನು ಮಾತ್ರ ಇಲ್ಲೇ ಬಿಟ್ಟು ಹೋಗಿ” ಎಂದೆ.

“ಯಾಕಮ್ಮ, ಚೆನ್ನಾಗಿಲ್ಲವೆ?”

“ಚೆನ್ನಾಗಿದೆ. ಆದರೆ ಅಲ್ಲಿ ಕಾನೂನಿಗೆ ವಿರುದ್ಧ.”

ಅಜ್ಜಿ ತಮಾಷೆ ಎಂದುಕೊಂಡರು. ತಮಾಷೆಯಲ್ಲ. ಬಾರ್ಬಡೋಸಿನಲ್ಲಿ ಮಚ್ಚೆಯ ಸೇನಾಬಟ್ಟೆ ಸೈನ್ಯಕ್ಕೆ ಮಾತ್ರ ಮೀಸಲು. ಮಕ್ಕಳೂ ತೊಡುವಂತಿಲ್ಲ, ಟೋಪಿ, ಚೀಲವೂ ಆಗದು. ಈಜುಡುಗೆಯಲ್ಲಿ ರಾಜಧಾನಿ ಬ್ರಿಜ್‌ಟೌನ್ ಪೇಟೆ ಸುತ್ತುವುದನ್ನೂ ಅಲ್ಲಿನವರು ಮೆಚ್ಚುವುದಿಲ್ಲ. ಇನ್ನು, ಅಂಗಡಿಗೆ ಹೊಕ್ಕ ತಕ್ಷಣ “ಇದಕ್ಕೆಷ್ಟು?” ಎಂದರೆ ಒರಟುತನವಾಗುತ್ತದೆ. ಮೊದಲು ‘ಗುಡ್ ಮಾರ್ನಿಂಗ್’ ಆಗಬೇಕು, ಬೆಲೆ ಆಮೇಲೆ. ಸೌಜನ್ಯ ತಮ್ಮದೇ ಸ್ವತ್ತು ಎಂದು ತಿಳಿದ ಇಂಗ್ಲಿಷರಿಗೆ ಇದನ್ನು ಹೇಳುವಾಗ ನನಗೆ ಒಳಗೊಳಗೇ ಖುಷಿ.

ದುಡ್ಡಿನ ವಿಷಯ ಸರಳ. ಎರಡು ಬಾರ್ಬಡೋಸ್ ಡಾಲರಿಗೆ ಒಂದು ಅಮೆರಿಕನ್ ಡಾಲರ್. 1975ರಿಂದ ಈ ದರ ಅಲುಗಿಲ್ಲ. ಎರಡೂ ಚಲಾವಣೆಯಲ್ಲಿರುವುದರಿಂದ ಯಾವ ಡಾಲರ್ ಎಂದು ಕೇಳಿಯೇ ತಲೆಯಾಡಿಸಬೇಕು, ಇಲ್ಲವಾದರೆ ಬಿಲ್ಲು ಎರಡು ಪಟ್ಟು. ಟ್ಯಾಕ್ಸಿಗೆ ಮೀಟರಿಲ್ಲ, ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ. ಬಸ್ ನಿಲ್ದಾಣದ ಫಲಕಗಳಲ್ಲಿ ‘ಪೇಟೆಯ ಕಡೆಗೆ’, ‘ಪೇಟೆಯಿಂದ ಹೊರಗೆ’ ಎಂದಷ್ಟೇ ಇರುತ್ತದೆ, ಅಷ್ಟು ಸಾಕು. ಪ್ಲಗ್ಗು ಅಮೆರಿಕದ್ದು.

ವಿಮೆಯ ಮಾತು ಬಂದರೆ ನಾನು ಸ್ವಲ್ಪ ಗಟ್ಟಿಯಾಗುತ್ತೇನೆ. ಹುಟ್ಟಿದಾಗಿನಿಂದ ಸರ್ಕಾರದ ಉಚಿತ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ನೆರಳಲ್ಲಿ ಬೆಳೆದವರಿಗೆ ಆಸ್ಪತ್ರೆಯಲ್ಲಿ ಬಿಲ್ಲು ಎಂಬುದೊಂದು ಇರುತ್ತದೆ ಎಂಬುದೇ ಹೊಳೆಯುವುದಿಲ್ಲ. ಯುರೋಪಿನಲ್ಲಿ ನಡೆಯುವ ಅವರ ಆರೋಗ್ಯ ಕಾರ್ಡ್ ಬಾರ್ಬಡೋಸಿನಲ್ಲಿ ನಡೆಯದು. ವಿಮೆ ಮಾಡಿಸುವಾಗ ಬಿಪಿ ಮಾತ್ರೆಯೊಂದನ್ನು ಮುಚ್ಚಿಟ್ಟರೂ ಕಂಪನಿ ಕೈ ಎತ್ತಬಹುದು. “ಸಣ್ಣ ಮಾತ್ರೆ, ಅದನ್ನೇನು ಹೇಳುವುದು” ಎನ್ನುವವರೇ ಹೆಚ್ಚು.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. ಟಿಕೆಟ್ ಅಗ್ಗವಾಗುವುದೂ ಆಗಲೇ. ನಮ್ಮವರಿಗೆ ಇದನ್ನು ವಿವರಿಸಬೇಕಿಲ್ಲ. 2024ರ ಜೂನ್ 29ರಂದು ಬ್ರಿಜ್‌ಟೌನಿನ ಕೆನ್ಸಿಂಗ್ಟನ್ ಓವಲ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತು, ಆ ತಂಡದ ಕೋಚ್ ಆಗಿ ರಾಹುಲ್ ದ್ರಾವಿಡ್ ಅವರ ಕೊನೆಯ ಪಂದ್ಯ ಅದು. ಅಷ್ಟರಲ್ಲಿ ಬೆರಿಲ್ ಚಂಡಮಾರುತ ಬಂದು ವಿಮಾನ ನಿಲ್ದಾಣ ಮುಚ್ಚಿತು. ಕಪ್ ಹಿಡಿದ ತಂಡ ಹೋಟೆಲಿನಲ್ಲೇ ಉಳಿದು, ದೆಹಲಿ ತಲುಪಿದ್ದು ಜುಲೈ 4ಕ್ಕೆ. ಅವರಿಗೆ ವಿಶೇಷ ವಿಮಾನ ಬಂತು. ಸಾಮಾನ್ಯ ಪ್ರವಾಸಿಗೆ ಬರುವುದಿಲ್ಲ. ಹೆಚ್ಚುವರಿ ನಾಲ್ಕೈದು ದಿನದ ಮಾತ್ರೆ ಚೀಲದಲ್ಲಿರಲಿ ಎಂದು ನಾನು ಹೇಳುವುದು ಅದಕ್ಕೇ.

ಊರಿಗೆ ಮರಳಿದ ಮೇಲೂ ಒಂದೆರಡು ವಾರ ಜ್ವರದ ಮೇಲೆ ಕಣ್ಣಿರಬೇಕು. ಡೆಂಗಿ ಜ್ವರ ಸೊಳ್ಳೆ ಕಚ್ಚಿದ ದಿನವೇ ಬರುವುದಿಲ್ಲ, ನಾಲ್ಕರಿಂದ ಹತ್ತು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಅವರು ಬರ್ಮಿಂಗ್‌ಹ್ಯಾಮಿನ ಚಳಿಯಲ್ಲಿರುತ್ತಾರೆ, ಫ್ಲೂ ಎಂದುಕೊಂಡು ಐಬುಪ್ರೊಫೆನ್ ಕೇಳಿಕೊಂಡು ನಮ್ಮ ಅಂಗಡಿಗೇ ಬರುತ್ತಾರೆ. ಡೆಂಗಿಯಲ್ಲಿ ಅದು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಹಾಗಾಗಿ ಜ್ವರದವರನ್ನು ಕಂಡ ಕೂಡಲೇ ನಾನು ಕೇಳುವುದು “ರಜೆಗೆ ಎಲ್ಲಿಗೆ ಹೋಗಿದ್ದಿರಿ?” ಎಂದು. ಬಾರ್ಬಡೋಸ್ ಎಂದರೆ ಪ್ಯಾರಾಸಿಟಮಾಲ್ ಮಾತ್ರ ಕೊಟ್ಟು, ಹೋಗಿ ಬಂದ ತಾರೀಖನ್ನು ಒಂದು ಚೀಟಿಯಲ್ಲಿ ಬರೆದು, ಅವತ್ತೇ ಡಾಕ್ಟರ ಬಳಿ ಕಳಿಸುತ್ತೇನೆ.