ಸಿದ್ದಿಗೆ ಮಹಾಪ್ರಾಣ ಬೇಡ

ಗ್ರಂಥಾಲಯದ ಗಣಕದ ಮುಂದೆ ಕುಳಿತು ‘ಸಿದ್ಧಿ’ ಎಂದು ಹುಡುಕಿದರೆ ಅಷ್ಟಸಿದ್ಧಿ, ಮಂತ್ರಸಿದ್ಧಿ, ಯೋಗಸಿದ್ಧಿಯ ಪುಸ್ತಕಗಳು ಎದುರಾಗುವ ಸಂಭವವೇ ಹೆಚ್ಚು. ‘ಹಾಲಕ್ಕಿ’ ಎಂದರೆ ಹಕ್ಕಿ ಮತ್ತು ಶಕುನ. ‘ಗೌಳಿ’ ಎಂದರೆ ಹಲ್ಲಿ ಮೈಮೇಲೆ ಬಿದ್ದರೆ ಏನು ಫಲ ಎಂದು ಹೇಳುವ ಶಾಸ್ತ್ರ. ಉತ್ತರ ಕನ್ನಡದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳಿದ ಮೂರು ಸಮುದಾಯಗಳು ತಮ್ಮದೇ ಹೆಸರಿನಡಿ ಸಿಗದೆ ಹೋಗುವುದು ಹೀಗೆ.

ಈ ಗೋಜಲು ಬಿಡಿಸುವುದನ್ನೇ ಕಸುಬು ಮಾಡಿಕೊಂಡವರು ಬುಡಕಟ್ಟು ಅಧ್ಯಯನದ ಗ್ರಂಥಪಾಲಕರು. ಗ್ರಂಥಾಲಯ ವಿಜ್ಞಾನದ ಪದವಿ ಮುಗಿಸಿ ಸಂಶೋಧನ ಗ್ರಂಥಾಲಯಕ್ಕೆ ಈಗಷ್ಟೇ ಕಾಲಿಟ್ಟ ಹುಡುಗ ಹುಡುಗಿಯರಿಗೆ ಇಂಥದ್ದೊಂದು ದಾರಿ ಇದೆ ಎಂಬುದೇ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಆ ದಾರಿ ಎಂಥದ್ದು ಎಂದು ತಿಳಿಯಲು ಮಂಚಿಕೇರಿಗಿಂತ ಒಳ್ಳೆಯ ಊರು ನನಗೆ ಕಾಣುವುದಿಲ್ಲ.

ಯಲ್ಲಾಪುರದಿಂದ ಶಿರಸಿಗೆ ಹೋಗುವ ರಸ್ತೆಯಲ್ಲಿ ಸಿಗುವ ಈ ಊರಿನ ಸುತ್ತಲಿನ ಕಾಡುಕೇರಿಗಳಲ್ಲಿ ಸಿದ್ದಿಗಳಿದ್ದಾರೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ಬಂದವರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದಿನ ಸಿದ್ದಿಗಳ ಹಿರಿಯರಲ್ಲಿ ಬಹುಪಾಲು ಅವರೇ. ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಮಾತು ಕೊಂಕಣಿ, ಕನ್ನಡ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ.

ಅವರ ಬಗ್ಗೆ ಬರೆದದ್ದು ಕಡಿಮೆಯೇನಲ್ಲ. 1883ರ ಬಾಂಬೆ ಗ್ಯಾಸೆಟಿಯರಿನ ಕೆನರಾ ಸಂಪುಟದಲ್ಲೇ ಅವರ ಪ್ರಸ್ತಾಪವಿದೆ. ಟಿ. ಸಿ. ಪಾಲಾಕ್ಷಪ್ಪನವರ ಇಂಗ್ಲಿಷ್ ಅಧ್ಯಯನ ಗ್ರಂಥ 1976ರಲ್ಲಿ ಬಂತು. ಎಂಬತ್ತರ ದಶಕದಲ್ಲಿ ಚಿದಂಬರರಾವ್ ಜಂಬೆ ಮಂಚಿಕೇರಿಯ ಸಿದ್ದಿಗಳನ್ನೇ ರಂಗಕ್ಕೆ ಹತ್ತಿಸಿ, ಚಿನುವಾ ಅಚಿಬೆಯ ಕಾದಂಬರಿ ಆಧರಿಸಿದ ‘ಕಪ್ಪು ಜನ ಕೆಂಪು ನೆರಳು’ ಆಡಿಸಿದರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಸಿದ್ದಿ ಹೆಂಗಸರ ಕೌದಿಗಳನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದರು. ಒಂದು ಗ್ಯಾಸೆಟಿಯರು, ಒಂದು ಸಮಾಜಶಾಸ್ತ್ರದ ಪುಸ್ತಕ, ಒಂದು ನಾಟಕದ ಪ್ರತಿ, ಕೌದಿಗಳ ಚಿತ್ರಗಳು. ಇವನ್ನು ಒಂದೇ ಎಳೆಯಲ್ಲಿ ಪೋಣಿಸಿ ಓದುಗನ ಮುಂದಿಡುವವರು ಯಾರು? ಗ್ರಂಥಪಾಲಕರೇ.

ಪೋಣಿಸಲು ಕುಳಿತಾಗ ಮೊದಲ ತೊಡಕು ಕಾಗುಣಿತದ್ದು. ಈ ಸೀಮೆಯ ಸಿದ್ದಿಗಳು ತಮ್ಮ ಹೆಸರಿನ ಜೊತೆಗೆ ಸಾಮಾನ್ಯವಾಗಿ ಅಲ್ಪಪ್ರಾಣದಲ್ಲೇ ‘ಸಿದ್ದಿ’ ಎಂದು ಬರೆದುಕೊಳ್ಳುತ್ತಾರೆ. ಹೊರಗಿನವರ ಬರಹದಲ್ಲಿ ಅದು ಸಿದ್ಧಿ, ಸೀದಿ, ಶೀದಿ, ಹಬ್ಶಿ ಎಂದೆಲ್ಲ ಆಗಿದೆ. ಪಾಲಾಕ್ಷಪ್ಪನವರ ಪುಸ್ತಕದ ಇಂಗ್ಲಿಷ್ ಹೆಸರಿನಲ್ಲೂ ಮಹಾಪ್ರಾಣವೇ ಇದೆ. ಯಾವುದನ್ನು ಮುಖ್ಯ ಹೆಸರಾಗಿ ಇಡಬೇಕು? ಆ ಜನ ತಮ್ಮನ್ನು ತಾವು ಕರೆದುಕೊಳ್ಳುವುದನ್ನು. ನನ್ನ ಮಟ್ಟಿಗೆ ಇದರಲ್ಲಿ ಚೌಕಾಸಿ ಇಲ್ಲ.

ಎರಡನೆಯ ತೊಡಕು ಕಪಾಟಿನದ್ದು. ಸಿದ್ದಿಗಳ ಪುಸ್ತಕ ಆಫ್ರಿಕಾದ ಸಾಲಿಗೋ, ಕರ್ನಾಟಕದ ಸಾಲಿಗೋ, ಬುಡಕಟ್ಟಿನ ಸಾಲಿಗೋ? ಎಸ್. ಆರ್. ರಂಗನಾಥನ್ 1933ರಲ್ಲಿ ಪ್ರಕಟಿಸಿದ ಕೋಲನ್ ವರ್ಗೀಕರಣದಲ್ಲಿ ಜನ, ಸ್ಥಳ, ಕಾಲ ಎಂಬ ಮುಖಗಳನ್ನೆಲ್ಲ ಒಂದೇ ಸಂಖ್ಯೆಯಲ್ಲಿ ಕೂಡಿಸಬಹುದು. ಕೆನಡಾದಲ್ಲಿ ಬ್ರಯನ್ ಡೀರ್ ಎಂಬ ಮೋಹಾಕ್ ಗ್ರಂಥಪಾಲಕ 1970ರ ದಶಕದಲ್ಲಿ ಇನ್ನೂ ಮುಂದೆ ಹೋದರು. ಮೂಲನಿವಾಸಿಗಳು ತಮ್ಮ ಲೋಕವನ್ನು ನೋಡುವ ಕ್ರಮಕ್ಕೆ ಹೊಂದುವ ಹೊಸ ವರ್ಗೀಕರಣವನ್ನೇ ಕಟ್ಟಿದರು. ವ್ಯಾಂಕೂವರಿನ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಮೂಲನಿವಾಸಿ ಅಧ್ಯಯನಕ್ಕೆಂದೇ ಇರುವ ಗ್ರಂಥಾಲಯದ ಕಪಾಟುಗಳು ಇಂದಿಗೂ ಅದರ ರೂಪಾಂತರವೊಂದನ್ನು ಅನುಸರಿಸುತ್ತವೆ. ಸ್ಕ್ವಾಮಿಶ್ ಭಾಷೆಯಲ್ಲಿರುವ ಆ ಗ್ರಂಥಾಲಯದ ಹೆಸರಿಗೆ ಪ್ರತಿಧ್ವನಿ ಎಂದು ಅರ್ಥ.

ಇನ್ನು ಮೇಜಿನ ಮೇಲೆ ಪುಸ್ತಕದ ಬದಲು ಕೌದಿಯೇ ಬಂದರೆ? ಸಿದ್ದಿಗಳು ಅದನ್ನು ಕವಂದ ಎನ್ನುತ್ತಾರೆ. ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳನ್ನು ಒಂದರ ಪಕ್ಕ ಒಂದಿಟ್ಟು ಅಂಚಿನಿಂದ ಹೊಲಿಗೆ ಶುರುಮಾಡಿ, ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಹತ್ತಿರದಿಂದ ನೋಡಿದರೆ ಎದ್ದು ಕಾಣುವುದು ಬಣ್ಣಕ್ಕಿಂತ ಮೊದಲು ಆ ಹೊಲಿಗೆ: ಸಣ್ಣ ಸಣ್ಣ ದಾರದ ಹೆಜ್ಜೆಗಳು, ಒಂದರ ಒಳಗೆ ಒಂದು ಸಾಲು. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಚಿ ಮಾಡಿದ ತ್ರಿಕೋನದ ‘ಫೂಲ’ ಇರಬೇಕು, ಇಲ್ಲದಿದ್ದರೆ ಕವಂದ ಬತ್ತಲೆ ಎಂಬ ಮಾತಿದೆ. ಕ್ರೈಸ್ತರ ಮನೆಯದಾದರೆ ಶಿಲುಬೆ, ಮುಸ್ಲಿಮರದಾದರೆ ಅರ್ಧಚಂದ್ರ ಇರುವುದುಂಟು.

ಇದಕ್ಕೆ ಸೂಚಿಪತ್ರ ಬರೆಯಲು ಹೊರಟ ಹೊಸಬರು ‘ಕರ್ತೃ’ ಎಂಬ ಕಲಮಿಗೆ ಬಂದಾಗ ನಿಲ್ಲುತ್ತಾರೆ. ಕೊಂಡು ತಂದವರ ಹೆಸರು ರಸೀತಿಯಲ್ಲಿ ಇರುತ್ತದೆ. ಹೊಲಿದವಳ ಹೆಸರು ಕೇಳಿದರೆ ಮಾತ್ರ ಸಿಗುತ್ತದೆ, ಅದೂ ಆಕೆ ಹೇಳಲು ಒಪ್ಪಿದರೆ. ಹಾಡಿನ ಧ್ವನಿಮುದ್ರಣಗಳ ಕಥೆಯೂ ಇದೇ. ಫುಗಡಿಯ ಹಾಡು, ಡಮಾಮಿಯ ಬಡಿತ ತುಂಬಿದ ಕ್ಯಾಸೆಟ್ಟಿನ ಮೇಲೆ ಸಂಗ್ರಾಹಕರ ಹೆಸರು ದಪ್ಪಕ್ಷರದಲ್ಲಿ, ಹಾಡಿದವಳು ‘ಒಬ್ಬ ಸಿದ್ದಿ ಮುದುಕಿ’. ಆ ಮುದುಕಿಗೊಂದು ಹೆಸರಿತ್ತು. ಅದನ್ನು ಹುಡುಕಲು ಊರಿಗೆ ಹೋಗಬೇಕು, ಜಗಲಿಯ ಮೇಲೆ ಕೂತು ಹಾಡು ಕೇಳಿಸಬೇಕು, ಕೇಳಿದವರು ‘ಇದು ನಮ್ಮ ಅಜ್ಜಿಯ ದನಿ’ ಎನ್ನುವವರೆಗೆ ಕಾಯಬೇಕು. ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅಮೆರಿಕನ್ ಫಿಲಸಾಫಿಕಲ್ ಸೊಸೈಟಿಯ ಗ್ರಂಥಾಲಯ ಹಳೆಯ ಧ್ವನಿಮುದ್ರಣಗಳ ಪ್ರತಿಗಳನ್ನು ಆಯಾ ಮೂಲನಿವಾಸಿ ಸಮುದಾಯಗಳಿಗೆ ಮರಳಿಸುತ್ತಿದೆ. ಯಾವುದು ಎಲ್ಲರಿಗೂ ತೆರೆದಿರಬೇಕು, ದೇವರ ಕಾರ್ಯಕ್ಕೆ ಸೇರಿದ್ದು ಯಾವುದು ಹೊರಗೆ ಬರಬಾರದು ಎಂಬುದನ್ನು ಆ ಸಮುದಾಯದವರನ್ನು ಕೇಳಿಯೇ ನಿರ್ಧರಿಸುವ ರೂಢಿ ಅಲ್ಲಿ ಬೆಳೆದಿದೆ. ನಮ್ಮ ಹೊಸಬರು ಕಲಿಯಬೇಕಾದ್ದು ಇದನ್ನೇ.

ಮಲೆನಾಡಿನ ಮಳೆಯದ್ದು ಬೇರೆಯದೇ ಪಾಠ. ಆಷಾಢ ಶ್ರಾವಣದಲ್ಲಿ ಕಾಗದ ಮೆತ್ತಗಾಗುತ್ತದೆ, ಟೇಪಿನ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಟೇಪನ್ನು ಆತುರಕ್ಕೆ ಹಾಕಿ ನೋಡಿದರೆ ಟೇಪೂ ಹಾಳು, ಯಂತ್ರವೂ ಹಾಳು.

ಕಲಿಯಲು ಜಾಗಗಳಿವೆ. 1991ರಲ್ಲಿ ಸ್ಥಾಪನೆಯಾದ ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಬುಡಕಟ್ಟು ಅಧ್ಯಯನ ವಿಭಾಗವಿದೆ, ಅಕ್ಷರ ಗ್ರಂಥಾಲಯವಿದೆ. ಶಿಗ್ಗಾವಿ ಹತ್ತಿರದ ಗೊಟಗೋಡಿಯಲ್ಲಿ 2011ರಿಂದ ಜಾನಪದ ವಿಶ್ವವಿದ್ಯಾಲಯವಿದೆ, ಅದು ಮಂಚಿಕೇರಿಗೆ ದೂರವೂ ಅಲ್ಲ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ವಿಶ್ವವಿದ್ಯಾಲಯದ ಕಪಾಟಿನಲ್ಲಿರುವುದರ ಒಂದು ಪ್ರತಿ ಇಲ್ಲಿಗೂ ಬರಬೇಕು ಎಂದು ಹಟ ಹಿಡಿಯುವ ಗ್ರಂಥಪಾಲಕರು ಬೇಕು. ಅವರಲ್ಲಿ ಸಿದ್ದಿ, ಹಾಲಕ್ಕಿ, ಗೌಳಿ, ಕುಣಬಿ ಮನೆಗಳ ಮಕ್ಕಳೇ ಇರಲಿ ಎಂಬುದು ನನ್ನ ಆಸೆ.

ಸೂಚಿಪತ್ರದಲ್ಲಿ ಹಳೆಯ ಹೆಸರುಗಳನ್ನು ಅಳಿಸಿಹಾಕುವ ಪದ್ಧತಿಯಿಲ್ಲ. ಹಳೆಯ ಪುಸ್ತಕದ ಹೆಸರು ಹಿಡಿದು ಬರುವ ಓದುಗನಿಗೂ ದಾರಿ ಸಿಗಬೇಕಲ್ಲ. ಅದಕ್ಕೇ ಒಂದು ಚಿಕ್ಕ ನಮೂದು ಬರೆದಿಡುತ್ತಾರೆ: ‘ಹಬ್ಶಿ: ಸಿದ್ದಿ ನೋಡಿ.’